ಬೂಟ್ ಅಂದರೆ ಫಾರ್ಮ್ಯಾಟ್ ಅಲ್ಲ

ಎದುರು ಮನೆ ಅಂಕಲ್ ಮೊನ್ನೆ ಗೇಟಿನ ಹತ್ತಿರ ನಿಲ್ಲಿಸಿ ಕೇಳಿದರು. "ಡೆಸ್ಕ್‌ಟಾಪ್ ಆನ್ ಆಗ್ತಿಲ್ಲಪ್ಪ. ರಿಪೇರಿಯವನು ಬೂಟ್ ಚೇಂಜ್ ಮಾಡ್ಬೇಕು ಅಂತಾನೆ. ಮಗಳ ಮದುವೆ ಫೋಟೋ ಎಲ್ಲ ಹೋಗಿಬಿಡುತ್ತಲ್ವಾ?"

ಹೋಗಲ್ಲ ಅಂಕಲ್. ಒಂದೂ ಹೋಗಲ್ಲ.

ಈ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಬೆಂಗಳೂರಿನ ಎಸ್‌.ಪಿ. ರೋಡಿನ ಯಾವುದಾದರೂ ಕಂಪ್ಯೂಟರ್ ಅಂಗಡಿ ಮುಂದೆ ಅರ್ಧ ಗಂಟೆ ನಿಂತು ನೋಡಿ. "ಬೂಟ್ ಹೋಗಿದೆ", "ಬೂಟ್ ಹಾಕಿಕೊಡಿ", "ಸ್ಲೋ ಇದೆ, ಒಂದ್ಸಲ ಬೂಟ್ ಮಾಡಿಸಿ". ಹೇಳುವವರ ಮನಸ್ಸಿನಲ್ಲಿ ಇರುವುದು ಫಾರ್ಮ್ಯಾಟ್, ಅಂದರೆ ಡಿಸ್ಕನ್ನು ಅಳಿಸಿ ಖಾಲಿ ಮಾಡುವುದು, ಬಾಯಲ್ಲಿ ಬರುವುದು ಬೂಟ್. ಕಾರಣ ಊಹಿಸಬಹುದು. ವಿಂಡೋಸ್ ಹೊಸದಾಗಿ ಹಾಕುವಾಗ ಮೊದಲು ಪೆನ್‌ಡ್ರೈವಿನಿಂದ ಬೂಟ್ ಮಾಡುತ್ತಾರೆ, ಆಮೇಲೆ ಡಿಸ್ಕ್ ಅಳಿಸುತ್ತಾರೆ. ಎರಡೂ ಒಂದೇ ಕೂತಲ್ಲಿ ನಡೆಯುತ್ತವೆ. ಕೆಡಿಸಿದ್ದು ಎರಡನೆಯದು, ಕೆಟ್ಟ ಹೆಸರು ಮೊದಲನೆಯದಕ್ಕೆ.

ಬೂಟ್ ಅಂದರೆ ಕಾಲಿಗೆ ಹಾಕುವ ಬೂಟೇ. ಬೂಟಾಟಿಕೆಗೂ ಇದಕ್ಕೂ ನಂಟಿಲ್ಲ, ಕೆಲವರು ತಮಾಷೆಗೆ ಹೇಳ್ತಾರೆ ಅಷ್ಟೇ. ಎತ್ತರದ ಬೂಟಿನ ಹಿಂದೆ ಒಂದು ಸಣ್ಣ ಪಟ್ಟಿ ಇರುತ್ತದೆ, ಹಾಕಿಕೊಳ್ಳುವಾಗ ಹಿಡಿದು ಎಳೆಯಲಿಕ್ಕೆ. ಅದೇ ಬೂಟ್‌ಸ್ಟ್ರ್ಯಾಪ್. ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲಕ್ಕೆ ಎತ್ತಿಕೊಳ್ಳುವುದು ಅಂದರೆ, ಆಗದ ಕೆಲಸ ಅಂತ ಇಂಗ್ಲಿಷಿನಲ್ಲಿ 19ನೇ ಶತಮಾನದ ಗೇಲಿ ಮಾತು. ಎಷ್ಟೇ ಕಲಿತ ನಟನಾದರೂ ತನ್ನ ಹೆಗಲ ಮೇಲೆ ತಾನೇ ಹತ್ತಲಾರ ಅಂತ ನಮ್ಮ ಶಾಸ್ತ್ರದವರು ವಾದ ಮಾಡುವಾಗ ಹೇಳುತ್ತಿದ್ದರಲ್ಲ, ಅದೇ ಜಾತಿಯದು.

ಕಂಪ್ಯೂಟರಿಗೆ ಈ ಮಾತು ಅಂಟಿಕೊಂಡದ್ದು 1950ರ ದಶಕದಲ್ಲಿ. ಅದರ ಹಿಂದಿನ ತೊಡಕು ನಿಜಕ್ಕೂ ಸೊಗಸಾಗಿದೆ. ಡಿಸ್ಕಿನಿಂದ ಒಂದು ಪ್ರೋಗ್ರಾಂ ಓದಬೇಕಾದರೆ, ಓದುವುದು ಹೇಗೆ ಅಂತ ಹೇಳುವ ಇನ್ನೊಂದು ಪ್ರೋಗ್ರಾಂ ಮೊದಲೇ ಒಳಗಿರಬೇಕು. ಅದನ್ನು ಓದಿದ್ದು ಯಾರು? ಹಳೆಯ ಯಂತ್ರಗಳಲ್ಲಿ ಮನುಷ್ಯನೇ. 1975ರ ಆಲ್ಟೇರ್ 8800 ಅನ್ನುವ ಕಂಪ್ಯೂಟರ್ ತಗೊಂಡವರು ಮುಂಭಾಗದ ಸ್ವಿಚ್‌ಗಳನ್ನು ಒಂದೊಂದಾಗಿ ಮೇಲೆ ಕೆಳಗೆ ಮಾಡಿ ಆ ಪುಟ್ಟ ಪ್ರೋಗ್ರಾಂ ತುಂಬಬೇಕಿತ್ತು. ಒಂದು ಸ್ವಿಚ್ ತಪ್ಪಿದರೆ ಮತ್ತೆ ಮೊದಲಿಂದ. ಈಗ ಅದು ಮದರ್‌ಬೋರ್ಡಿನ (ಕಂಪ್ಯೂಟರ್ ಒಳಗಿನ ಮುಖ್ಯ ಬೋರ್ಡು) ಚಿಪ್‌ನಲ್ಲೇ ಕೂತಿರುತ್ತದೆ. ಪವರ್ ಬಟನ್ ಒತ್ತಿದ ಕೂಡಲೇ ಅದು ಎದ್ದು, ತನಗಿಂತ ದೊಡ್ಡದನ್ನು ಎಬ್ಬಿಸುತ್ತದೆ. ಅದು ಇನ್ನೂ ದೊಡ್ಡದನ್ನು. ಕೊನೆಗೆ ವಿಂಡೋಸೋ ಲಿನಕ್ಸೋ ಏಳುತ್ತದೆ. ಬೂಟ್ ಅಂದರೆ ಇಷ್ಟೇ, ಎಬ್ಬಿಸುವುದು. ಕನ್ನಡದಲ್ಲಿ 'ಪ್ರಾರಂಭಿಸು' ಅಂತ ಬರೆಯುವವರಿದ್ದಾರೆ. ನನಗೆ 'ಎಬ್ಬಿಸು' ಜಾಸ್ತಿ ಇಷ್ಟ.

ಇನ್ನು ಬೂಟ್ ಆರ್ಡರ್. ಇಲ್ಲಿ ಆರ್ಡರ್ ಅಂದರೆ ಅಪ್ಪಣೆಯೂ ಅಲ್ಲ, ಮಸಾಲೆ ದೋಸೆಗೆ ಕೊಡುವ ಆರ್ಡರೂ ಅಲ್ಲ. ಸರದಿ. ಮೊದಲು ಯಾರ ಬಾಗಿಲು ತಟ್ಟಬೇಕು, ಅವರು ಏಳದಿದ್ದರೆ ಆಮೇಲೆ ಯಾರದು ಅನ್ನುವ ಪಟ್ಟಿ. ಬೋರ್ಡಿನ ಸೆಟಪ್ಪಿಗೆ, ಅಂದರೆ ಅದರ ಸೆಟ್ಟಿಂಗ್ಸ್ ಪರದೆಗೆ ಹೋಗಿ (ಆನ್ ಮಾಡಿದ ತಕ್ಷಣ ಸಾಮಾನ್ಯವಾಗಿ ಡಿಲೀಟ್ ಅಥವಾ ಎಫ್2 ಕೀ) ಇದನ್ನು ಬದಲಿಸಿದರೆ ಮತ್ತೆ ನೀವೇ ಬದಲಿಸುವ ತನಕ ಹಾಗೇ ಇರುತ್ತದೆ. ಒಂದೇ ಸಲಕ್ಕೆ ಸಾಕಾದರೆ ಬೂಟ್ ಮೆನು ಅಂತ ಬೇರೆಯೇ ಇದೆ. ಎಫ್12, ಎಫ್11, ಎಫ್8, ಎಫ್9, ಕಂಪನಿಗೊಂದು ಕೀ. ಆನ್ ಮಾಡಿದ ತಕ್ಷಣ ಒತ್ತಿ, ಪೆನ್‌ಡ್ರೈವ್ ಆರಿಸಿಕೊಂಡರೆ ಮುಗಿಯಿತು. ಮುಂದಿನ ಸಲ ಎಲ್ಲ ಮೊದಲಿನ ಹಾಗೆ. ಮೆನು ಸಾಕಿದ್ದ ಕಡೆ ಸುಮ್ನೆ ಆರ್ಡರ್ ಬದಲಿಸಿ ಎದ್ದು ಹೋಗುವವರ ಮೇಲೆ ನನಗೆ ಸಿಟ್ಟಿದೆ.

ಯಾಕಂದರೆ ಅಂಕಲ್ ಮನೆಯಲ್ಲಿ ಆಗಿದ್ದು ಅದೇ. ಹಿಂದಿನ ಸಲ ಬಂದವನು ಪೆನ್‌ಡ್ರೈವನ್ನು ಸರದಿಯ ಮೊದಲಿಗೆ ಇಟ್ಟು, ವಾಪಸ್ ಇಳಿಸದೆ ಹೋಗಿದ್ದ. ಅಂಕಲ್ ದೇವರನಾಮದ ಪೆನ್‌ಡ್ರೈವ್ ಸಿಕ್ಕಿಸಿ ಬಿಟ್ಟಿದ್ದರು. ಕಪ್ಪು ಪರದೆ ಮೇಲೆ ಬಿಳಿ ಅಕ್ಷರದಲ್ಲಿ 'ರಿಮೂವ್ ಡಿಸ್ಕ್ಸ್ ಆರ್ ಅದರ್ ಮೀಡಿಯಾ' ಅಂತ ಬಂದಿತ್ತು. ಕಿತ್ತು ತೆಗೆಯಿರಿ ಅಂತ ಅದೇ ಹೇಳ್ತಿದೆ, ಯಾರೂ ಓದಿಲ್ಲ. ಹಳೆ ಬೋರ್ಡು ಸರದಿಯಲ್ಲಿ ಮೊದಲಿರುವುದರ ಮೊದಲ 512 ಬೈಟ್ ಓದಿ, ಕೊನೆಯ ಎರಡು ಬೈಟಿನ ಗುರುತು ಸರಿಯಿದ್ದರೆ ಅದನ್ನೇ ನಂಬಿ ಕೆಲಸ ಒಪ್ಪಿಸಿಬಿಡುತ್ತದೆ. ಮಾಮೂಲಿ ಪೆನ್‌ಡ್ರೈವಿನಲ್ಲೂ ಆ ಗುರುತು ಇರುತ್ತದೆ, ಎಬ್ಬಿಸಲು ವಿಂಡೋಸ್ ಮಾತ್ರ ಇರಲ್ಲ. ಪೆನ್‌ಡ್ರೈವ್ ಕಿತ್ತೆ, ಸಿಸ್ಟಂ ಎದ್ದಿತು. ಸೆಟಪ್ಪಿಗೆ ಹೋಗಿ ಹಾರ್ಡ್ ಡಿಸ್ಕನ್ನು ಮೇಲಕ್ಕೆ ತಂದು ಸೇವ್ ಮಾಡಿದೆ. ಫೋಟೋಗಳು ಇದ್ದಲ್ಲೇ ಇದ್ದವು.

ಚಿಪ್‌ನಲ್ಲಿ ಕೂತ ಆ ಎಬ್ಬಿಸುವ ಪ್ರೋಗ್ರಾಂನ ಹೊಸ ರೂಪಕ್ಕೆ ಯುಇಎಫ್‌ಐ ಅನ್ನುತ್ತಾರೆ. ಅದಿರುವ ಹೊಸ ಬೋರ್ಡುಗಳ ಪಟ್ಟಿಯಲ್ಲಿ ಡಿಸ್ಕಿನ ಹೆಸರಿಗೆ ಬದಲು 'ವಿಂಡೋಸ್ ಬೂಟ್ ಮ್ಯಾನೇಜರ್' ಅಂತ ಕಾಣಬಹುದು. ಗಾಬರಿ ಬೇಡ, ಅದೂ ನಿಮ್ಮ ಡಿಸ್ಕಿನಲ್ಲೇ ಇರುವುದು. ಹಳೆಯ ಬೋರ್ಡಾದರೆ ಸರದಿಯ ನೆನಪು ಉಳಿಯುವುದು ಸಿಆರ್2032 ಅನ್ನುವ ಬಿಲ್ಲೆ ಬ್ಯಾಟರಿಯಿಂದ. ಅದು ಸತ್ತರೆ ಗಡಿಯಾರ ಯಾವುದೋ ಹಳೆ ವರ್ಷ ತೋರಿಸುತ್ತದೆ, ಸರದಿಯೂ ಮರೆತುಹೋಗುತ್ತದೆ. ಬ್ಯಾಟರಿ ಬದಲಿಸಿ. ಅದಕ್ಕೂ ಬೂಟ್ ಹೋಗಿದೆ ಅನ್ನಬೇಡಿ.