ಸುಟ್ಟದ್ದು ಪ್ಲೇಟು, ಕೆಟ್ಟದ್ದು ಸೀಲು

ಕ್ಲಚ್ ಪೆಡಲ್ ಇಲ್ಲ ಅಂದಮೇಲೆ ಆಟೋಮ್ಯಾಟಿಕ್ ಗಾಡಿಯಲ್ಲಿ ಕ್ಲಚ್ಚೇ ಇರಲ್ಲ ಅಂದುಕೊಂಡವರು ಬಹಳ ಜನ. ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ 6 ಸ್ಪೀಡ್ ಗೇರ್‌ಬಾಕ್ಸ್ ಬಿಚ್ಚಿದರೆ ಕ್ಲಚ್, ಬ್ರೇಕ್ (ಚಕ್ರದ್ದಲ್ಲ, ಗೇರ್‌ಬಾಕ್ಸ್ ಒಳಗಿನದು) ಸೇರಿ ನಾಲ್ಕೈದು ಪ್ಯಾಕ್ ಸಿಗುತ್ತವೆ. ಪ್ಯಾಕ್ ಅಂದರೆ ಫ್ರಿಕ್ಷನ್ ಪ್ಲೇಟು, ಉಕ್ಕಿನ ಪ್ಲೇಟು ಒಂದರ ಮೇಲೊಂದು ಜೋಡಿಸಿದ ಕಟ್ಟು; ಆಯಿಲ್ ಒತ್ತಡಕ್ಕೆ ಪಿಸ್ಟನ್ ಅದನ್ನು ಒತ್ತಿದಾಗ ಪ್ಲೇಟುಗಳು ಕಚ್ಚಿಕೊಳ್ಳುತ್ತವೆ. (ನಮ್ಮಲ್ಲಿ 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಎಎಂಟಿ, ಅಂದರೆ ಮ್ಯಾನ್ಯುಯಲ್ ಗೇರ್‌ಬಾಕ್ಸಿಗೆ ಯಂತ್ರವೇ ಗೇರ್ ಹಾಕುವ ಬಗೆ, ಬೇರೆ ಜಾತಿ. ಅದರಲ್ಲಿರುವುದು ಮಾಮೂಲಿ ಒಣ ಕ್ಲಚ್. ಈ ಮಾತು ಅದಕ್ಕಲ್ಲ.)

ಗೇರ್ ಬದಲಾಗುವಾಗ ಎಂಜಿನ್ ಕೂಗುತ್ತೆ, ಗಾಡಿ ಎಳೆಯಲ್ಲ, ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತೆ. ಅಷ್ಟಾದರೆ ಗೇರ್‌ಬಾಕ್ಸ್ ಇಳಿಸಲೇಬೇಕು.

ಪ್ಯಾಕ್ ಕೂತಿರುವ ಡ್ರಮ್ ಟೇಬಲ್ ಮೇಲೆ ಬಂದ ಕೂಡಲೇ ಸರ್ಕ್ಲಿಪ್‌ಗೆ (ಪ್ಲೇಟುಗಳನ್ನು ಹಿಡಿದಿಡುವ ಉಕ್ಕಿನ ಬಳೆ) ಕೈ ಹಾಕಬೇಡಿ. ಮೊದಲು ಸರ್ಕ್ಲಿಪ್‌ಗೂ ಮೇಲಿನ ಪ್ಲೇಟಿಗೂ ನಡುವಿನ ಸಂದನ್ನು ಫೀಲರ್ ಗೇಜ್‌ನಲ್ಲಿ (ಸಂದಿಗೆ ತೂರಿಸಿ ಅಳೆಯುವ ತೆಳು ಪಟ್ಟಿಗಳು) ಅಳೆದು ಬರೆದಿಡಿ. ಬಿಚ್ಚಿದ ಮೇಲೆ ಆ ಲೆಕ್ಕ ಮತ್ತೆ ಸಿಗುವುದಿಲ್ಲ. ಪ್ಲೇಟುಗಳನ್ನು ಬಂದ ಕ್ರಮದಲ್ಲೇ ಜೋಡಿಸಿ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕೆಲವು ಡ್ರಮ್‌ಗಳ ತಳದಲ್ಲಿ ಬಾಗಿದ ಪ್ಲೇಟ್ ಒಂದಿರುತ್ತೆ, ಅದರ ಮುಖ ಯಾವ ಕಡೆಗಿತ್ತು ಅನ್ನುವುದು ಮುಖ್ಯ.

ಫ್ರಿಕ್ಷನ್ ಪ್ಲೇಟಿನ ಲೈನಿಂಗ್ ಕಾಗದದ ಥರದ ನಾರು, ಉಕ್ಕಿಗೆ ಅಂಟಿಸಿದ್ದು. ಸುಟ್ಟಿದ್ದರೆ ಉಗುರಿಗೇ ಕಿತ್ತು ಬರುತ್ತೆ, ಪಕ್ಕದ ಉಕ್ಕಿನ ಪ್ಲೇಟಿನಲ್ಲಿ ನೀಲಿ ಕಲೆ ಕಾಣುತ್ತೆ. ಬಹಳಷ್ಟು ಕಡೆ ಕೆಲಸ ಇಲ್ಲಿಗೇ ನಿಲ್ಲುತ್ತೆ: ಹೊಸ ಪ್ಲೇಟ್ ಹಾಕಿ ಮುಚ್ಚುತ್ತಾರೆ. ಅದೇ ಗಾಡಿ ಅದೇ ದೂರಿನೊಂದಿಗೆ ವಾಪಸ್ ಬರುತ್ತೆ. ಪ್ಲೇಟ್ ಸುಟ್ಟದ್ದು ಜಾರಿದ್ದಕ್ಕೆ. ಜಾರಿದ್ದು ಒತ್ತಡ ಸಾಲದೆ. ಒತ್ತುವ ಪಿಸ್ಟನ್ ಇನ್ನೂ ಒಳಗೇ ಕೂತಿದೆಯಲ್ಲ!

ಅದನ್ನು ತೆಗೆಯಲು ಪಿಸ್ಟನ್ ಮೇಲಿನ ಸ್ಪ್ರಿಂಗ್ ತಟ್ಟೆಯನ್ನು ಪ್ರೆಸ್‌ನಲ್ಲಿ ಒತ್ತಿ, ಲಾಕ್ ಸಡಿಲವಾಗುವಷ್ಟೇ ಇಳಿಸಿ. ಸ್ಕ್ರೂಡ್ರೈವರ್ ಸಾಹಸ ಬೇಡ, ಆ ಲಾಕ್ ಕಣ್ಣಿಗೆ ಹಾರಿದರೆ ಗತಿಯೇನು? ಆಮೇಲೆ ಡ್ರಮ್ ಬಾಯಿಗೆ ಬಟ್ಟೆ ಮುಚ್ಚಿ, ಆಯಿಲ್ ತೂತಿಗೆ ಕಂಪ್ರೆಸರ್ ಗಾಳಿಯನ್ನು ಮೆಲ್ಲಗೆ ಕೊಟ್ಟರೆ ಪಿಸ್ಟನ್ ಎದ್ದು ಬರುತ್ತೆ.

ಪಿಸ್ಟನ್ ಸುತ್ತ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಸೀಲಿನ ತುಟಿ ಒತ್ತಿ ನೋಡಿ. ಬಿಸಿಗೆ ಪ್ಲಾಸ್ಟಿಕ್ ಥರ ಗಟ್ಟಿಯಾಗಿದ್ದರೆ ಕಳ್ಳ ಸಿಕ್ಕಿದ ಹಾಗೆ. ರಬ್ಬರ್ ಪಿಸ್ಟನ್‌ಗೇ ಅಂಟಿಕೊಂಡಿರುವ ಮಾದರಿಯಾದರೆ ಇಡೀ ಪಿಸ್ಟನ್ನೇ ಬದಲಿಸಬೇಕು. ಪಿಸ್ಟನ್ನಿನಲ್ಲೋ ಡ್ರಮ್ಮಿನಲ್ಲೋ ಸಣ್ಣ ಗುಂಡು ಇದ್ದರೆ ಅಲ್ಲಾಡಿಸಿ, ಸದ್ದು ಬರಬೇಕು. ಡ್ರಮ್ ತಿರುಗುವಾಗ ಉಳಿದ ಆಯಿಲ್ ಹೊರಗೆ ಹೋಗಲು ದಾರಿ ಅದೇ. ಅದು ಸಿಕ್ಕಿಕೊಂಡರೆ ಬಿಡಬೇಕಾದ ಕ್ಲಚ್ ಪೂರ್ತಿ ಬಿಡದೆ ಉಜ್ಜುತ್ತಲೇ ಇರುತ್ತೆ. ಶಾಫ್ಟ್ ಮೇಲಿನ ಸೀಲಿಂಗ್ ರಿಂಗ್‌ಗಳನ್ನೂ ನೋಡಿ, ಒತ್ತಡ ಅಲ್ಲೂ ಸೋರಬಹುದು.

ಒರೆಸಲು ಬನಿಯನ್ ವೇಸ್ಟ್ ಮಾತ್ರ ಬೇಡ. ಅದರ ಒಂದು ಎಳೆ ವಾಲ್ವ್ ಬಾಡಿ (ಆಯಿಲನ್ನು ಕ್ಲಚ್‌ಗಳಿಗೆ ಹಂಚುವ ಭಾಗ) ಸೇರಿದರೂ ಹೊಸ ತಲೆನೋವು. ಹೊಸ ಫ್ರಿಕ್ಷನ್ ಪ್ಲೇಟುಗಳು ಅದೇ ಗೇರ್‌ಬಾಕ್ಸ್‌ನ ಆಯಿಲ್‌ನಲ್ಲಿ ಅರ್ಧ ಗಂಟೆಯಾದರೂ ನೆನೆಯಲಿ. ಜೋಡಿಸಿದ ಮೇಲೆ ಸಂದನ್ನು ಮತ್ತೆ ಅಳೆದು ಮ್ಯಾನ್ಯುಯಲ್‌ಗೆ ಹೋಲಿಸಿ. ಹೊಂದದಿದ್ದರೆ ಬೇರೆ ದಪ್ಪದ ಸರ್ಕ್ಲಿಪ್ಪೋ ಪ್ಲೇಟೋ ಸಿಗುತ್ತೆ.

ಕೊನೆಗೆ ಮತ್ತೆ ಗಾಳಿ ಕೊಡಿ. ಧಬ್ ಅಂತ ಪ್ಯಾಕ್ ಕಚ್ಚಬೇಕು, ಗಾಳಿ ಬಿಟ್ಟೊಡನೆ ಬಿಡಬೇಕು. ಜೋರಾಗಿ ಬುಸ್ ಅಂದರೆ ಅಲ್ಲೇ ಬಿಚ್ಚಿ, ಗಾಡಿಗೆ ಏರಿಸಿದ ಮೇಲೆ ಗೊತ್ತಾದರೆ ಗೇರ್‌ಬಾಕ್ಸನ್ನೇ ಮತ್ತೆ ಇಳಿಸಬೇಕು.