ರಾಜೀನಾಮೆ ಕಳಿಸುವ ಮೊದಲು ಬನ್ನಿ

ಹೋದ ತಿಂಗಳು ಐದು ತಿಂಗಳ ಬಸುರಿ ಹುಡುಗಿಯೊಬ್ಬಳು ಅಮ್ಮನ ಜೊತೆ ನನ್ನ ಆಫೀಸಿಗೆ ಬಂದಳು. ಮೊಬೈಲ್ ತೆಗೆದು ತಾನು ಕಳಿಸಿದ್ದ ಮೇಲ್ ತೋರಿಸಿದಳು. "ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ಕೊಡುತ್ತಿದ್ದೇನೆ." ಕಳಿಸಿ ಮೂರು ವಾರ ಆಗಿತ್ತು.

"ಮೇಡಂ, ಹೆರಿಗೆ ರಜೆ ಸಂಬಳ ಸಿಗುತ್ತಾ?"

ಯಾಕಮ್ಮಾ ಬರೆದೆ ಅಂದೆ. "ಎಚ್‌ಆರ್‌ನವರೇ ಹೇಳಿದ್ರು. ಈಗ ಬಿಡಿ, ಮಗು ಆದ್ಮೇಲೆ ವಾಪಸ್ ತಗೋತೀವಿ ಅಂತ."

ಇಪ್ಪತ್ತೆರಡು ವರ್ಷದಿಂದ ಕಾರ್ಮಿಕ ಕೇಸುಗಳನ್ನೇ ನಡೆಸುತ್ತಿದ್ದೇನೆ. ಈ ಮಾತು ಕೇಳಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ರಜೆ ಎಂದರೆ ನೀವಿನ್ನೂ ಕೆಲಸದಲ್ಲಿದ್ದೀರಿ ಎಂದರ್ಥ. ರಾಜೀನಾಮೆ ಕೊಟ್ಟರೆ ಕೆಲಸವೇ ಇಲ್ಲ, ಆಮೇಲೆ ಯಾವುದಕ್ಕೆ ರಜೆ? ಬಸುರಿಯನ್ನು ಕಂಪನಿಯೇ ತೆಗೆದುಹಾಕಿದರೆ ಕಾನೂನು ಅವಳ ಬೆನ್ನಿಗೆ ನಿಲ್ಲುತ್ತದೆ. ತೀರಾ ಗಂಭೀರ ದುರ್ನಡತೆ ಸಾಬೀತಾದರೆ ಮಾತ್ರ ಬೇರೆ. ಆದರೆ ಅವಳೇ ಬರೆದುಕೊಟ್ಟು ಬಿಟ್ಟರೆ ನಾನು ಏನು ಹಿಡಿದುಕೊಂಡು ವಾದಿಸಲಿ? ಒತ್ತಾಯದಿಂದ ಬರೆಸಿಕೊಂಡರು ಎಂದು ತೋರಿಸಬೇಕು. ಒತ್ತಾಯವೆಲ್ಲ ಬಾಯಿಮಾತಲ್ಲಿ, ಮೇಲ್ ಮಾತ್ರ ಅವಳ ಹೆಸರಲ್ಲಿ.

ನಮ್ಮಮ್ಮ ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿದ್ದರು. ಬೆಳಿಗ್ಗೆ ಸೈರನ್ ಕೂಗುವಷ್ಟರಲ್ಲಿ ಗೇಟಿನ ಒಳಗಿರಬೇಕು. ಸಂಜೆ ಸೈರನ್ ಕೂಗಿದರೆ ಕೆಲಸ ಅಲ್ಲಿಗೇ ಮುಗಿಯಿತು. ನನ್ನ ತಮ್ಮ ಬೆಳೆದದ್ದು ಕಾರ್ಖಾನೆಯ ಶಿಶುಪಾಲನಾ ಕೇಂದ್ರದಲ್ಲಿ, ಒಂದು ನೀಲಿ ಜಮಖಾನದ ಮೇಲೆ. ಆಗ ಹೆರಿಗೆ ರಜೆ ಬರೀ 12 ವಾರ. ಅದರ ಅರ್ಜಿ ತುಂಬಿಸಿಕೊಟ್ಟದ್ದು ಯೂನಿಯನ್‌ನ ಒಬ್ಬ ಅಕ್ಕ.

2017ರಿಂದ ಮೊದಲೆರಡು ಮಕ್ಕಳಿಗೆ 26 ವಾರ ಆಗಿದೆ. 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನೆ ವ್ಯವಸ್ಥೆ ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಬಹುದು. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಈ ಮುಖ್ಯ ಅಂಶಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೆ. ಕಾನೂನು ಬೆಳೆಯಿತು, ಆ ಅಕ್ಕ ಮಾತ್ರ ಈಗಿನ ಆಫೀಸುಗಳಲ್ಲಿ ಇಲ್ಲ. ಸೈರನ್ನೂ ಇಲ್ಲ. ರಾತ್ರಿ ಹತ್ತಕ್ಕೆ ಮಗು ಮಲಗಿಸುವಾಗ ಮ್ಯಾನೇಜರ್ ಮೆಸೇಜ್ ಬರುತ್ತದೆ. ಇದನ್ನೆಲ್ಲ ಹೇಗಪ್ಪಾ ಸಂಭಾಳಿಸೋದು ಎಂಬ ಹೆದರಿಕೆಯಲ್ಲೇ ಎಷ್ಟೋ ಹುಡುಗಿಯರು ಮೊದಲೇ ಕೈ ಚೆಲ್ಲುತ್ತಾರೆ. ಆ ಹೆದರಿಕೆ ನನಗೆ ಅರ್ಥವಾಗುತ್ತದೆ.

"ನಾನು ಸೇರಿ ಒಂದು ವರ್ಷ ಆಗಿಲ್ಲ", "ನಾನು ಕಾಂಟ್ರ್ಯಾಕ್ಟ್" ಎನ್ನುವವರೂ ಜಾಸ್ತಿ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. ದೆಹಲಿ ನಗರಪಾಲಿಕೆಯ ದಿನಗೂಲಿ ಹೆಂಗಸರಿಗೂ ಇದು ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇರುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಹಣ ಬರುವುದು ಇಎಸ್‌ಐನಿಂದ. ಅದರ ಲೆಕ್ಕ ಬೇರೆ, ಕಾರ್ಡ್ ತಂದು ತೋರಿಸಿ. ಇನ್ನು ಮನೆಯಿಂದ ಕೆಲಸ ಮಾಡುವುದು ಹಕ್ಕು ಎಂದುಕೊಳ್ಳಬೇಡಿ. ಅದು ಇಬ್ಬರೂ ಒಪ್ಪಿದರೆ ಮಾತ್ರ.

ಆ ಹುಡುಗಿಯ ನೋಟಿಸ್ ಅವಧಿ ಇನ್ನೂ ಐದು ವಾರ ಉಳಿದಿತ್ತು, ಕಂಪನಿಯಿಂದ ಒಪ್ಪಿಗೆ ಪತ್ರವೂ ಬಂದಿರಲಿಲ್ಲ. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ರಾಜೀನಾಮೆ ಹಿಂದಕ್ಕೆ ತೆಗೆದುಕೊಳ್ಳಬಹುದು. ಆದರೆ ನೇಮಕಾತಿ ಪತ್ರ ಓದದೆ ನಾನು ಯಾರಿಗೂ ಮಾತು ಕೊಡುವುದಿಲ್ಲ. ಓದಿದೆ. ನನ್ನ ಮೇಜಿನ ಮುಂದೆಯೇ ಕೂತು ಇನ್ನೊಂದು ಮೇಲ್ ಬರೆದೆವು, ಜೊತೆಗೇ ಹೆರಿಗೆ ರಜೆಯ ನೋಟಿಸ್. ಅವರಮ್ಮ ಪಕ್ಕದಲ್ಲಿ ನಿಂತು, ಕಳಿಸುವವರೆಗೂ ಮಗಳ ಭುಜದ ಮೇಲಿನ ಕೈ ತೆಗೆಯಲಿಲ್ಲ.