ಬೀಗದ ಕೈ ಸಿಕ್ಕ ಮೊದಲ ಒಂದು ಗಂಟೆ

ಮೂರು ತಿಂಗಳ ಪ್ರಾಜೆಕ್ಟಿಗೆ ಹುಬ್ಬಳ್ಳಿಯಿಂದ ಬರುವವರು, ಚಿಕಿತ್ಸೆಗೆಂದು ಅಪ್ಪ-ಅಮ್ಮನನ್ನು ಕರೆತರುವವರು, ರಜೆಗೆ ಮಕ್ಕಳ ಜೊತೆ ಅಮೆರಿಕದಿಂದ ಇಳಿಯುವವರು: ಬೆಂಗಳೂರಿನ ನಡುಮಧ್ಯದಲ್ಲಿ ಸಾಮಾನು ಸಮೇತ ಮನೆ ಕೇಳುವವರು ಹೆಚ್ಚಾಗಿ ಇವರೇ. ಹೋಟೆಲ್ ಕೈ ಕಚ್ಚುತ್ತದೆ. ಖಾಲಿ ಮನೆ ಹಿಡಿದರೆ ಮಂಚದಿಂದ ಮಿಕ್ಸಿಯವರೆಗೆ ಕೊಳ್ಳಬೇಕು. ಹಾಗಾಗಿ ರಿಚ್ಮಂಡ್ ಟೌನ್, ವಸಂತನಗರ, ಹಲಸೂರಿನ ‘ಫುಲ್ಲಿ ಫರ್ನಿಶ್ಡ್’ ಫ್ಲ್ಯಾಟುಗಳತ್ತ ಬರುತ್ತಾರೆ. ಬಾಡಿಗೆಯಲ್ಲಿ ಎರಡು ಸಾವಿರ ಇಳಿಸಲು ವಾರವಿಡೀ ಚೌಕಾಸಿ ಮಾಡುತ್ತಾರೆ. ಬಿಡುವಾಗ ಅಡ್ವಾನ್ಸಿನಲ್ಲಿ ಅದರ ಎಷ್ಟೋ ಪಟ್ಟು ಮುರಿದುಕೊಳ್ಳಲಾಗುತ್ತದೆ. ಆ ಹಣ ಕೈಬಿಟ್ಟಿದ್ದು ಕೊನೆಯ ದಿನವಲ್ಲ, ಕೀ ಸಿಕ್ಕ ದಿನ ಸೂಟ್‌ಕೇಸ್ ಬಿಚ್ಚುವ ಆತುರದಲ್ಲಿ.

ಕೀ ಕೈಗೆ ಬರುವ ಮೊದಲು ಒಂದು ವಿಷಯ ತೀರ್ಮಾನವಾಗಿರಬೇಕು. ನೀವು ಹಿಡಿಯುತ್ತಿರುವುದು ಸರ್ವಿಸ್ ಅಪಾರ್ಟ್‌ಮೆಂಟೋ, ಬಾಡಿಗೆ ಮನೆಯೋ? ನೋಡಲು ಎರಡೂ ಒಂದೇ, ಲೆಕ್ಕ ಬೇರೆ. ಮೊದಲನೆಯದರ ದರ ದಿನಕ್ಕಿಷ್ಟು ಎಂದಿರುತ್ತದೆ, ಹೋಟೆಲಿನಂತೆ ಜಿಎಸ್‌ಟಿ ಬೀಳುತ್ತದೆ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ 5%, ಅದಕ್ಕಿಂತ ಮೇಲೆ 18%. ದಿನಕ್ಕೆ 3,000ದಂತೆ 30 ದಿನಕ್ಕೆ 90,000 ಆದರೆ ತೆರಿಗೆ 4,500. ವಾಸದ ಮನೆಯನ್ನು ವಾಸಕ್ಕಾಗಿಯೇ, ಜಿಎಸ್‌ಟಿ ನೋಂದಣಿ ಇಲ್ಲದವರು ಬಾಡಿಗೆಗೆ ಪಡೆದರೆ ಈ ತೆರಿಗೆ ಇಲ್ಲ. ಆದರೆ ಅಲ್ಲಿ ಅಡ್ವಾನ್ಸ್, ಕರಾರು ಪತ್ರ, ಸೊಸೈಟಿಯ ಅನುಮತಿ ಎಂಬ ಬೇರೆ ತಾಪತ್ರಯಗಳಿವೆ. ಒಂದು ತಿಂಗಳೊಳಗಿನ ವಾಸಕ್ಕೆ ಸರ್ವಿಸ್ ಅಪಾರ್ಟ್‌ಮೆಂಟೇ ವಾಸಿ. ಎರಡು ತಿಂಗಳು ದಾಟಿದರೆ ಬಾಡಿಗೆ ಮನೆಯ ಲೆಕ್ಕ ಹಾಕಿ ನೋಡಿ.

ನಗರದ ಮಧ್ಯದ ಫ್ಲ್ಯಾಟುಗಳಲ್ಲಿ ಓನರ್ ವಿದೇಶದಲ್ಲಿರುವುದು ಮಾಮೂಲು. ಬ್ರೋಕರ್‌ಗಳು ಸಾಮಾನ್ಯವಾಗಿ ಹೇಳದ ಮಾತು ಇಲ್ಲಿದೆ. ಮಾಲೀಕರು ಅನಿವಾಸಿ ಭಾರತೀಯರಾದರೆ, ಬಾಡಿಗೆ ಎಷ್ಟೇ ಕಡಿಮೆಯಿರಲಿ, ಅದರಲ್ಲಿ 30% ಆದಾಯ ತೆರಿಗೆ ಮತ್ತು ಅದರ ಮೇಲಿನ ಸೆಸ್ ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಬಾಡಿಗೆದಾರರದು. ಅದಕ್ಕೆ ಟ್ಯಾನ್ ಸಂಖ್ಯೆಯೂ (ತೆರಿಗೆ ಹಿಡಿದು ಕಟ್ಟುವವರು ಪಡೆಯುವ ಸಂಖ್ಯೆ) ಬೇಕು. ಮಾಲೀಕರು ಇಲ್ಲಿನ ನಿವಾಸಿಯಾದರೆ, ಬಾಡಿಗೆ ತಿಂಗಳಿಗೆ 50,000 ದಾಟಿದಾಗ ಮಾತ್ರ 2%, ಅದೂ ಮನೆ ಬಿಡುವ ತಿಂಗಳಲ್ಲಿ ಅಥವಾ ಆರ್ಥಿಕ ವರ್ಷದ ಕೊನೆಗೆ ಒಮ್ಮೆ. ‘ಸಾರ್, ಓನರ್ ದುಬೈನಲ್ಲಿದ್ದಾರೆ, ದುಡ್ಡು ಇಲ್ಲಿನ ಅಕೌಂಟಿಗೇ ಹಾಕಿ’ ಎಂದರೆ ತೆರಿಗೆ ತಪ್ಪಿತು ಎಂದುಕೊಳ್ಳಬೇಡಿ.

ಜಾಗದ ಬಗ್ಗೆ ಎರಡೇ ಮಾತು. ಕೆಲಸ ವೈಟ್‌ಫೀಲ್ಡಿನಲ್ಲಿದ್ದರೆ ಎಂ.ಜಿ. ರಸ್ತೆ, ಟ್ರಿನಿಟಿ, ಹಲಸೂರು ಯಾವುದಾದರೂ ಸರಿ, ನೇರಳೆ ಮಾರ್ಗ ನೇರ ಹೋಗುತ್ತದೆ. ಎಲೆಕ್ಟ್ರಾನಿಕ್ ಸಿಟಿಗಾದರೆ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗ, ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗ, ಹೀಗೆ ಎರಡು ಸಲ ಬದಲಿಸಬೇಕು. ಆಗ ಜಯನಗರ ಹುಡುಕುವುದೇ ಜಾಣತನ. ಚರ್ಚ್ ಸ್ಟ್ರೀಟ್ ಸುತ್ತಮುತ್ತ ಪಬ್‌ಗಳು ರಾತ್ರಿ ಒಂದರವರೆಗೆ ಇರುತ್ತವೆ. ರೋಗಿಗಳನ್ನು ಕರೆತರುವವರು ರಸ್ತೆಗೆ ಮುಖ ಮಾಡಿದ ಮಲಗುವ ಕೋಣೆಗೆ ಒಪ್ಪಬಾರದು.

ಊರಿನಿಂದಲೇ ಮನೆ ಗೊತ್ತುಮಾಡುವಾಗ ಫೋಟೊ ನಂಬಬೇಡಿ, ವಿಡಿಯೊ ಕಾಲ್ ಕೇಳಿ. ಮಾತಾಡುತ್ತಲೇ ಮೀಟರ್ ಬೋರ್ಡಿನ ಹತ್ತಿರ ಹೋಗಿ ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ಗುರುತಿನ ಸಂಖ್ಯೆ) ತೋರಿಸಲಿ, ಆಮೇಲೆ ಅದೇ ನಂಬರಿನ ಬೆಸ್ಕಾಂ ಬಿಲ್ ಕಳಿಸಲಿ. ಬಿಲ್ಲಿನ ಹೆಸರು, ಅಡ್ವಾನ್ಸ್ ಹೋಗುವ ಬ್ಯಾಂಕ್ ಖಾತೆಯ ಹೆಸರು ತಾಳೆಯಾಗದಿದ್ದರೆ ಕಾರಣ ಕೇಳಿ: ಓನರಿಂದ ಲೀಸಿಗೆ ಪಡೆದು ಮರುಬಾಡಿಗೆ ಕೊಡುವವರಾದರೆ ಓನರ್ ಒಪ್ಪಿಗೆಯ ಪತ್ರ ಇರಲೇಬೇಕು. ‘ಟೋಕನ್ ವಾಪಸ್ ಮಾಡ್ತೀವಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಅಂದರೆ ಫೋನ್ ಇಟ್ಟುಬಿಡಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ.

ಈಗ ಆ ಒಂದು ಗಂಟೆ. ಮೊದಲು ಮೀಟರ್. ಆರ್‌ಆರ್ ನಂಬರ್ ಮತ್ತು ರೀಡಿಂಗ್ ಎರಡೂ ಕಾಣುವಂತೆ ಫೋಟೊ ತೆಗೆದು ಓನರ್‌ಗೆ ಆಗಲೇ ವಾಟ್ಸ್‌ಆ್ಯಪ್ ಮಾಡಿ. ಜನರೇಟರ್‌ಗೆ ಪ್ರತ್ಯೇಕ ರೀಡಿಂಗ್ ಇದ್ದರೆ ಅದನ್ನೂ. ಅದರ ಯೂನಿಟ್ ದರ ಬೆಸ್ಕಾಂಗಿಂತ ಹೆಚ್ಚು. ‘ಗೃಹಜ್ಯೋತಿ ಇದೆ, ಕರೆಂಟ್ ಫ್ರೀ’ ಎಂಬ ಮಾತಿಗೆ ಮರುಳಾಗಬೇಡಿ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಹಳೆಯ ಒಂದೂವರೆ ಟನ್ ಎ.ಸಿ. ಗಂಟೆಗೆ ಒಂದು ಯೂನಿಟ್ ತಿಂದರೂ, ರಾತ್ರಿ ಎಂಟು ಗಂಟೆ ಓಡಿದರೆ ಅದೊಂದೇ ತಿಂಗಳಿಗೆ 240.

ಮುಂದೆ ಬಚ್ಚಲು. ಗೀಸರ್ ಮೂರು ಲೀಟರಿನದೋ ಹದಿನೈದರದೋ ನೋಡಿ. ಮೂರು ಲೀಟರಿನ 3 ಕಿಲೋವ್ಯಾಟ್ ಇನ್‌ಸ್ಟಂಟ್ ಗೀಸರಿನಿಂದ ಹದವಾದ ಬಿಸಿನೀರು ನಿಮಿಷಕ್ಕೆ ಎರಡೂವರೆ ಲೀಟರಿನಷ್ಟು ಬರುತ್ತದೆ, 15 ಲೀಟರ್ ಬಕೆಟ್ ತುಂಬಲು ಆರು ನಿಮಿಷ. ಶವರ್ ತಿರುಗಿಸಿದರೆ ಬರೀ ಉಗುರುಬೆಚ್ಚಗೆ. ಹದಿನೈದು ಲೀಟರಿನ, 2 ಕಿಲೋವ್ಯಾಟ್ ಗೀಸರ್ ಕಾಯಲು ಸುಮಾರು ಇಪ್ಪತ್ತು ನಿಮಿಷ ಬೇಕು. ಕಾದ ಮೇಲೆ ತಣ್ಣೀರು ಬೆರೆಸಿ ಎರಡು ಬಕೆಟ್ ಸಿಗುತ್ತದೆ. ನಾಲ್ಕು ಜನರ ಮನೆಗೆ ಇದೇ ಬೇಕು. ಸ್ವಿಚ್ ಹಾಕಿ, ಬಿಸಿಯಾಗುವವರೆಗೆ ಬೇರೆ ಕೆಲಸ ನೋಡಿ, ಆಮೇಲೆ ಬಂದು ಮುಟ್ಟಿ ಪರೀಕ್ಷಿಸಿ. ನಲ್ಲಿಯ ಬಾಯಿಗೆ ಬಿಳಿ ಕಿಟ್ಟ ಕಟ್ಟಿದ್ದರೆ, ಸೋಪು ನೊರೆ ಬಿಡದಿದ್ದರೆ ಅದು ಬೋರ್ ನೀರು. ಆ ಕಿಟ್ಟ ಗೀಸರಿನ ಕಾಯಿಲಿಗೂ ಮೆತ್ತಿಕೊಂಡು ಅದನ್ನು ಸುಡುತ್ತದೆ. ಹೊಸ ಕಾಯಿಲ್ ಯಾರ ಖರ್ಚು ಎಂದು ಕರಾರಿನಲ್ಲಿ ಇರಲಿ. ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ, ಟ್ಯಾಂಕರ್ ಖರ್ಚು ಮೇಂಟೆನೆನ್ಸಿನಲ್ಲಿ ಸೇರಿದೆಯೇ ಎಂದು ವಾಚ್‌ಮನ್‌ನನ್ನು ಕೇಳಿ. 2024ರ ಮಾರ್ಚ್‌ನಂಥ ನೀರಿನ ಬರದ ಬೇಸಿಗೆಯಲ್ಲಿ ಇದು ಸಣ್ಣ ಮೊತ್ತವಲ್ಲ.

ಮಂಚಕ್ಕೆ ಬನ್ನಿ. ಹಾಸಿಗೆಯ ಮೇಲಿನ ಬೆಡ್‌ಶೀಟ್ ಎಷ್ಟು ಬೆಳ್ಳಗಿದ್ದರೂ ಲೆಕ್ಕಕ್ಕಿಲ್ಲ. ತಲೆಯ ಕಡೆಯ ಮೂಲೆಯನ್ನು ಎತ್ತಿ, ಮೊಬೈಲ್ ಟಾರ್ಚ್ ಹಾಕಿ, ಅಂಚಿನ ಪಟ್ಟಿಹೊಲಿಗೆಯನ್ನು ಬೆರಳಿನಿಂದ ಬಿಡಿಸುತ್ತ ಹೋಗಿ. ಪೆನ್ನಿನ ಮೊನೆಯಿಂದ ಚುಚ್ಚಿದಂಥ ಕಪ್ಪು ಚುಕ್ಕೆಗಳು ಸಾಲಾಗಿದ್ದರೆ ತಿಗಣೆ. ಮಂಚದ ಹಲಗೆ ಸೇರುವ ಸಂದು, ತಲೆಹಲಗೆಯ ಹಿಂಭಾಗ, ಸೋಫಾದ ಅಡಿಯ ಬಟ್ಟೆಯನ್ನೂ ನೋಡಿ. ತಿಗಣೆ ಕಂಡರೆ ಸೂಟ್‌ಕೇಸ್ ಒಳಗೆ ತರಬೇಡಿ. ಔಷಧಿ ಒಂದು ಸಲ ಹೊಡೆದರೆ ಮೊಟ್ಟೆಗಳು ಉಳಿಯುತ್ತವೆ, ಎರಡು ವಾರದೊಳಗೆ ಮತ್ತೆ ಹೊಡೆಯಬೇಕು. ಹಾಗಾಗಿ ‘ನಾಳೆ ಸ್ಪ್ರೇ ಮಾಡಿಸ್ತೀವಿ’ ಎಂಬ ಭರವಸೆಗಿಂತ ಬೇರೆ ಫ್ಲ್ಯಾಟ್ ಕೇಳುವುದೇ ಸರಿ. ಹಾಗೆಯೇ ಬೀರುವಿನ ಹಿಂದಿನ ಗೋಡೆ: ಅಲ್ಲಷ್ಟೇ ಹೊಸ ಬಣ್ಣ ಕಂಡರೆ ಮಳೆಗಾಲದಲ್ಲಿ ಅಲ್ಲಿ ಜಿನುಗುತ್ತದೆ ಎಂದೇ ಅರ್ಥ.

ಅಡುಗೆಮನೆಯಲ್ಲಿ ‘ಫುಲ್ಲಿ ಫರ್ನಿಶ್ಡ್’ ಎಂಬ ಪದದ ಬಣ್ಣ ಬಯಲಾಗುತ್ತದೆ. ಕುಕ್ಕರ್ ಇದೆ, ಗ್ಯಾಸ್ಕೆಟ್ ಇಲ್ಲ. ಮಿಕ್ಸಿ ಇದೆ, ಚಟ್ನಿ ಜಾರ್ ಇಲ್ಲ. ಗ್ಯಾಸ್ ಬದಲು ಇಂಡಕ್ಷನ್ ಒಲೆ ಇಟ್ಟು, ಪಕ್ಕದಲ್ಲಿ ಅಲ್ಯೂಮಿನಿಯಂ ಪಾತ್ರೆ ಜೋಡಿಸಿರುತ್ತಾರೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಮ್ಯಾಗ್ನೆಟ್ ತೆಗೆದು ಪಾತ್ರೆಯ ತಳಕ್ಕೆ ಹಿಡಿಯಿರಿ, ಅಂಟದಿದ್ದರೆ ಆ ಒಲೆಯ ಮೇಲೆ ಅದು ಕಾಯುವುದಿಲ್ಲ. ಸಿಲಿಂಡರ್ ಇದ್ದರೆ ಕನೆಕ್ಷನ್ ಯಾರ ಹೆಸರಿನಲ್ಲಿದೆ, ಖಾಲಿಯಾದಾಗ ಯಾರು ಬುಕ್ ಮಾಡುತ್ತಾರೆ ಎಂಬುದೂ ತಿಳಿದಿರಲಿ.

ಇಷ್ಟನ್ನೂ ಒಂದೇ ಓಟದ ವಿಡಿಯೊದಲ್ಲಿ, ಬಾಗಿಲಿನಿಂದ ಶುರುಮಾಡಿ, ಚಿತ್ರೀಕರಿಸಿ. ಟಿ.ವಿ., ಫ್ರಿಜ್, ವಾಷಿಂಗ್ ಮೆಷಿನ್‌ಗಳ ಸೀರಿಯಲ್ ನಂಬರ್, ಸೋಫಾದ ಕಲೆ, ಬಿರುಕುಬಿಟ್ಟ ಟೈಲ್ಸ್ ಎಲ್ಲ ಪಟ್ಟಿಯಲ್ಲಿ ಬರಲಿ, ಪಟ್ಟಿ ಕರಾರಿಗೆ ಲಗತ್ತಾಗಲಿ, ಇಬ್ಬರ ಸಹಿಯೂ ಬೀಳಲಿ.

ಕರಾರಿನ ಅವಧಿ 11 ತಿಂಗಳು ಎಂದಿರುವುದಕ್ಕೆ ಕಾರಣ 1908ರ ನೋಂದಣಿ ಕಾಯ್ದೆ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ನೀವು ಇರುವುದು ಮೂರು ತಿಂಗಳಾದರೆ ಮೂರು ಎಂದೇ ಬರೆಸಿ, ಇಲ್ಲವಾದರೆ ಇಷ್ಟು ತಿಂಗಳು ಬಿಡುವಂತಿಲ್ಲ ಎನ್ನುವ ಲಾಕ್-ಇನ್ ಕಲಂ ನಿಮ್ಮ ಅಡ್ವಾನ್ಸ್ ನುಂಗುತ್ತದೆ. ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಮುರಿಯುವ ನಮ್ಮೂರಿನ ಪದ್ಧತಿಯನ್ನು ಮೂರು ತಿಂಗಳ ವಾಸಕ್ಕೆ ಒಪ್ಪುವುದು ಶುದ್ಧ ದಡ್ಡತನ, ಆ ಸಾಲು ಹೊಡೆಸಿಬಿಡಿ. ಅಡ್ವಾನ್ಸ್ ಎರಡು ತಿಂಗಳಿಗಿಂತ ಹೆಚ್ಚು ಕೇಳಿದರೆ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯ ಮಿತಿಯನ್ನು ನೆನಪಿಸಿ. ರಾಜ್ಯ ಅಳವಡಿಸಿಕೊಳ್ಳದೆ ಅದು ಕಾನೂನಲ್ಲ, ಆದರೂ ಮಾತುಕತೆಗೆ ಒಂದು ಹಿಡಿ ಸಿಗುತ್ತದೆ. ಮನೆಯವರಲ್ಲಿ ಯಾರದಾದರೂ ಪಾಸ್‌ಪೋರ್ಟ್ ವಿದೇಶದ್ದಾದರೆ, ಬಂದಿಳಿದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಸಲ್ಲಿಸುವುದು ಮನೆ ಕೊಟ್ಟವರ ಕೆಲಸ. ಅವರು ಇದಕ್ಕೆ ತಯಾರಿದ್ದಾರೆಯೇ ಎಂದು ಮೊದಲೇ ಕೇಳಿ.

ಬಿಡುವ ದಿನ ಮತ್ತೆ ಮೀಟರಿನಿಂದಲೇ ಶುರು. ಅದೇ ಕೋನದಿಂದ ಅದೇ ಫೋಟೊ, ಬಾಗಿಲಿನಿಂದ ಅದೇ ದಾರಿಯ ವಿಡಿಯೊ. ಓನರ್ ಅಥವಾ ಅವರ ಪರವಾಗಿ ಬಂದವರು ಪಟ್ಟಿಯ ಪ್ರತಿ ಸಾಲಿಗೂ ಟಿಕ್ ಹಾಕಿ ಸಹಿ ಮಾಡಲಿ. ಕರೆಂಟ್ ಬಿಲ್ ಇನ್ನೂ ಬಂದಿಲ್ಲ ಎಂದು ಪೂರ್ತಿ ಅಡ್ವಾನ್ಸ್ ತಡೆಹಿಡಿಯಲು ಬಿಡಬೇಡಿ: ರೀಡಿಂಗಿನ ಲೆಕ್ಕ ಅಲ್ಲೇ ಹಾಕಿ, ಅಷ್ಟನ್ನು ಮಾತ್ರ ಕಳೆದು, ಉಳಿದದ್ದು ಖಾತೆಗೆ ಬಂದ ಮೆಸೇಜ್ ನೋಡಿಕೊಂಡು ಕೀ ಕೊಡಿ. ಗೇಟಿನ ಆ್ಯಪ್‌ನಿಂದ ನಿಮ್ಮ ಹೆಸರು, ವೈಫೈ ಬಿಲ್ಲಿನಿಂದ ನಿಮ್ಮ ನಂಬರ್ ತೆಗೆಸುವುದನ್ನು ಮರೆತರೆ ಮುಂದಿನ ಬಾಡಿಗೆದಾರರ ಪಾರ್ಸೆಲ್‌ಗೂ ನಿಮ್ಮ ಫೋನೇ ಬಡಿದುಕೊಳ್ಳುತ್ತಿರುತ್ತದೆ.